ಮೀನಕ್ಕನ ಪದ

ಕಂಪಲಾಪುರದ ನಮ್ಮ ಬೀದಿಗೆ ಬಂದು ಚಾಮುಂಡಮ್ಮನ ಮನೆ ಯಾವುದು ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚನೆ ಮಾಡುತ್ತಾರೆ. ಪದದ ಚಾಮವ್ವನ ಮನೆ ಎಂದು ಕೇಳಿದರೆ ಬಾಗಿಲವರೆಗೂ ಬಂದು ಬಿಟ್ಟು ಹೋಗುತ್ತಾರೆ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ನಾನು ಈ ಊರಿಗೆ ಸೊಸೆಯಾಗಿ ಬಂದ ಮಾರನೆಯ ವರ್ಷ ಅವಳು ಪುಟ್ಟಸ್ವಾಮಿಯ ಹಿಂದೆ ಸೇರು ಒದ್ದು ಒಳಗೆ ಬಂದಳು. ಅಂದಿನಿಂದ ಅವಳು ಕೆಮ್ಮಿದರೆ ನನಗೆ ಗೊತ್ತಾಗುತ್ತದೆ, ನಾನು ಒಲೆ ಊದಿದರೆ ಅವಳಿಗೆ ಗೊತ್ತಾಗುತ್ತದೆ. ಅವಳು ನನ್ನನ್ನು ಅಕ್ಕ ಎನ್ನುತ್ತಾಳೆ, ನಾನು ಚಾಮಿ ಎನ್ನುತ್ತೇನೆ.

ಅವಳ ತವರು ಚುಂಚನಕಟ್ಟೆ ಕಡೆ, ನಾಲೆಯ ಕೊನೆಯಲ್ಲಿರುವ ಒಂದು ಸಣ್ಣ ಹಳ್ಳಿ. ಭತ್ತದ ನೆಲದಲ್ಲಿ ಬೆಳೆದವಳಿಗೆ ನಮ್ಮ ಹೊಗೆಸೊಪ್ಪಿನ ನೆಲ ಮೊದಲು ಒಗ್ಗಲಿಲ್ಲ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವಾಗ ಅದರ ಅಂಟು ಕೈಗೆ ಹತ್ತುತ್ತದೆ, ವಾಸನೆ ತಲೆಗೆ ಏರುತ್ತದೆ. ಹೊಸಬರು ವಾಂತಿ ಮಾಡದೆ ಇರುವುದಿಲ್ಲ. ಚಾಮಿ ಮೊದಲ ದಿನ ಸೊಪ್ಪು ಬೇಯಿಸುವ ಬ್ಯಾರನ್ನಿನ ಹಿಂದೆ ಹೋಗಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿ, ಬಾಯಿ ಮುಕ್ಕಳಿಸಿ ಬಂದು ಕೂತು, ನಮ್ಮ ಯಾರ ಕಡೆಗೂ ನೋಡದೆ ಒಂದು ಪದ ಎತ್ತಿದಳು. ಆ ಪದ ಇದು:

ತೂಬಿನ ಮ್ಯಾಲೆ ಕುಂತದೆ ನೋಡು ಬಿಳೀ ಕೊಕ್ಕರೆ
ಒಂಟಿ ಕಾಲಲ್ ಜಪ ಮಾಡ್ತದೆ, ಬಾಯಲ್ ಸಕ್ಕರೆ

ಮೊಸರ ಗಡಿಗೆ ಹೊತ್ಕಂಡ್ ಹೋಗೇ ಮೀನಕ್ಕ
ಕೊಕ್ಕರೆ ಉಂಡು ಎದ್ರೆ ತಾನೆ ನೀರಕ್ಕ

ಗದ್ದೆ ತುಂಬ ನೀರು ಬಂತು ಜುಳುಜುಳು
ಮೀನಕ್ಕ ಯಾಕೆ ಅಳ್ತಾಳಮ್ಮ ಮುಳುಮುಳು

ಒಂದು ಸಲ ಕೇಳಿದರೆ ಬಾಯಿ ಬಿಟ್ಟು ಹೋಗದ ಪದ. ಸೊಪ್ಪು ಕಟ್ಟುವ ಕೈಗೆ ಅದರ ಓಟ ಹೇಳಿ ಮಾಡಿಸಿದ ಹಾಗಿತ್ತು. ಮಕ್ಕಳಿಗೆ ಅದೇ ಆಟವಾಯಿತು. ಕೊಕ್ಕರೆ ಎಂದಾಗ ಒಂಟಿ ಕಾಲಲ್ಲಿ ನಿಲ್ಲುವುದು, ಗಡಿಗೆ ಎಂದಾಗ ತಲೆಯ ಮೇಲೆ ಕೈ ಜೋಡಿಸುವುದು, ಮುಳುಮುಳು ಎಂದಾಗ ಕಣ್ಣು ಉಜ್ಜಿಕೊಳ್ಳುವುದು. ತವರಲ್ಲಿ ತಾನೂ ಹೀಗೇ ಕುಣಿಯುತ್ತಿದ್ದೆ ಎಂದು ಚಾಮಿ ಹೇಳುತ್ತಿದ್ದಳು. ಅವಳ ಮನೆಯ ಹಿತ್ತಲ ಕೋಣೆಯಲ್ಲಿ ಚಿಕ್ಕತಾಯಿ ಎನ್ನುವ ಹೆಸರಿನ ಚಿಕ್ಕಮ್ಮ ಇದ್ದಳಂತೆ. ಗಂಡ ಸತ್ತ ಮೇಲೆ ಅಕ್ಕನ, ಅಂದರೆ ಚಾಮಿಯ ತಾಯಿಯ, ಮನೆಗೆ ಬಂದು ಸೇರಿದವಳು. ಮಕ್ಕಳು ಆ ಕೋಣೆಯ ಬಾಗಿಲಲ್ಲಿ ನಿಂತು ಈ ಪದ ಹಾಡಿ ಮುಗಿಸಿದರೆ ಚಿಕ್ಕತಾಯಿ ಎದ್ದು ಬಂದು ಒಬ್ಬೊಬ್ಬರ ಕೈಗೂ ಒಂದೊಂದು ಚೂರು ಬೆಲ್ಲ ಕೊಡುತ್ತಿದ್ದಳು. ಮಾತಿಲ್ಲ, ನಗುವಿಲ್ಲ, ಬೆಲ್ಲ ಮಾತ್ರ. ಚಾಮಿ ಮಗ ಶಿವಶಂಕರನ ಬಸುರಿಯಾಗಿದ್ದಾಗ ಆ ಚಿಕ್ಕಮ್ಮ ತೀರಿಕೊಂಡಳು. ಬಸುರಿ ಹೆಂಗಸು ಸಾವಿನ ಮನೆಗೆ ಹೋಗಬಾರದೆಂದು ಇವಳನ್ನು ಯಾರೂ ಕಳಿಸಲಿಲ್ಲ. ಆ ದಿನವೂ ಇವಳು ಸೊಪ್ಪು ಕಟ್ಟುತ್ತಾ ಇದೇ ಪದ ಹಾಡಿದಳು, ಚಿಕ್ಕವ್ವನಿಗೆ ಇಷ್ಟವಾದ ಪದ ಎಂದು.

ನಮ್ಮ ಹೆಂಗಸರಲ್ಲಿ ಒಂದು ಕಟ್ಟು ಉಂಟು. ಸೊಪ್ಪು ಕಟ್ಟುವಾಗ ಎತ್ತಿದ ಪದವನ್ನು ಇಳಿಸಲೇಬೇಕು. ಎತ್ತಿದವಳಿಗೆ ಬಾರದಿದ್ದರೆ ಬಲ್ಲವಳು ಕೊನೆಯವರೆಗೂ ಹಾಡಿ ಇಳಿಸಬೇಕು. ಅರ್ಧಕ್ಕೆ ಬಿಟ್ಟ ಪದ ತಲೆಯ ಮೇಲೆ ಬಿಟ್ಟ ಹೊರೆ ಇದ್ದ ಹಾಗೆ. ಆ ಸೊಪ್ಪನ್ನು ಬ್ಯಾರನ್ನಿಗೆ ಏರಿಸಿ ಬೆಂಕಿ ಹಾಕಿದರೆ ಬಣ್ಣ ಕೂರುವುದಿಲ್ಲ, ಕಪ್ಪಾಗುತ್ತದೆ ಎನ್ನುತ್ತಾರೆ. ನಿಜವೋ ಸುಳ್ಳೋ, ಯಾರೂ ಬಿಟ್ಟು ನೋಡಿಲ್ಲ. ಮದುವೆ ಮನೆಯಲ್ಲೂ ಅದೇ ಕಟ್ಟು ನಡೆಯುತ್ತದೆ.

ಮೊನ್ನೆಯ ಶ್ರಾವಣದಲ್ಲಿ ನಾವು ಹೀಗೇ ಕೂತು ಕಟ್ಟುತ್ತಿದ್ದಾಗ ಪುಟ್ಟಸ್ವಾಮಿಯ ತಂಗಿಯ ಮೊಮ್ಮಗ ಸುನೀಲ್‌ಕುಮಾರ್ ಬಂದು ಚಾಮಿ ಹಾಡುವುದನ್ನು ಫೋನಿನಲ್ಲಿ ಹಿಡಿದುಕೊಂಡ. ಮದುವೆಗಳಿಗೆ ಸೌಂಡ್ ಬಾಕ್ಸ್ ಹಾಕುವುದು ಅವನ ಕೆಲಸ. ಅವಳ ದನಿಯ ಕೆಳಗೆ ಡೋಲಿನ ಏಟು ಸೇರಿಸಿ ಎಲ್ಲರಿಗೂ ಕಳಿಸಿದ. ನವರಾತ್ರಿ ಬರುವುದರೊಳಗೆ ಪಿರಿಯಾಪಟ್ಟಣದ ಬಸ್ಸಿನಲ್ಲಿ ಅದೇ ಪದ, ಹುಣಸೂರಿನ ಆಟೋದಲ್ಲಿ ಅದೇ ಪದ, ಹಾಲಿನ ಡೈರಿಯ ಮುಂದೆ ನಿಂತ ಹುಡುಗರ ಜೇಬಿನಲ್ಲಿ ಅದೇ ಪದ. ಕೋಟೆ ಕಡೆಯ ಕಾಲೇಜು ಹೆಣ್ಣುಮಕ್ಕಳು ಒಂಟಿ ಕಾಲಲ್ಲಿ ನಿಂತು ಕಣ್ಣು ಉಜ್ಜಿಕೊಳ್ಳುವುದನ್ನು ಚಾಮಿಯ ಸೊಸೆ ಬೃಂದಾ ಫೋನಿನಲ್ಲಿ ತೋರಿಸಿದಾಗ ಚಾಮಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅವಳು ಮದುವೆ ಹೆಣ್ಣಾಗಿ ಬಂದಾಗಲೂ ಅಷ್ಟು ನಾಚಿದ್ದನ್ನು ನಾನು ನೋಡಿರಲಿಲ್ಲ.

ಅದೇ ಹೊತ್ತಿಗೆ ಮೊಮ್ಮಗಳು ಸೌಂದರ್ಯಳಿಗೆ ಹುಣಸೂರು ಕಡೆಯ ಗಂಡು ಗೊತ್ತಾಯಿತು. ಬೃಂದಾ ಹೆರಿಗೆಯಾದ ಮೇಲೆ ಬಹಳ ದಿನ ಕಾಯಿಲೆ ಬಿದ್ದಿದ್ದರಿಂದ ಆ ಮಗುವನ್ನು ಎದೆಯ ಮೇಲೆ ಮಲಗಿಸಿಕೊಂಡು ಸಾಕಿದವಳು ಚಾಮಿ. ಬೀಗಿತ್ತಿ, ಅಂದರೆ ಗಂಡಿನ ತಾಯಿ, ಜೋರು ಮಾತಿನ ಹೆಂಗಸು. ಒಪ್ಪಂದದ ದಿನವೇ ಹೇಳಿಬಿಟ್ಟಳು, ನಮಗೆ ಮತ್ತೇನೂ ಬೇಡ, ಬೀಗರೂಟದ ದಿನ ಅಜ್ಜಿ ತಮ್ಮ ಬಾಯಲ್ಲೇ ಆ ಪದ ಹಾಡಬೇಕು, ನಮ್ಮ ಕಡೆಯವರೆಲ್ಲ ಕುಣಿಯುತ್ತಾರೆ ಎಂದು. ಪುಟ್ಟಸ್ವಾಮಿ ಮೀಸೆಯ ಮೇಲೆ ಕೈಯಾಡಿಸಿಕೊಂಡು ಆಗಲಿ ಎಂದ. ಚಾಮಿಯೂ ಆಗಲಿ ಎಂದಳು.

ಮೊದಲ ಲಗ್ನಪತ್ರಿಕೆ ತವರಿಗೆ ಹೋಗಬೇಕು. ಜೊತೆಗೆ ಬಾ ಅಕ್ಕ ಎಂದು ನನ್ನನ್ನೂ ಎಳೆದಳು. ಹುಣಸೂರಿಗೆ ಒಂದು ಬಸ್ಸು, ಅಲ್ಲಿಂದ ಕೆ.ಆರ್. ನಗರಕ್ಕೆ ಇನ್ನೊಂದು, ಆಮೇಲೆ ಆಟೋ. ಎರಡು ಕಡೆಯೂ ಗದ್ದೆ ತೆನೆ ಹಿಡಿದು ನಿಂತಿತ್ತು. ತವರಲ್ಲಿ ಅಣ್ಣನ ಮಕ್ಕಳು ಇದ್ದಾರೆ. ಅವರಿಗೆ ಪತ್ರಿಕೆ ಕೊಟ್ಟು, ಊಟ ಮುಗಿಸಿ, ಪಕ್ಕದ ಮನೆಯ ಜವರಮ್ಮನಿಗೂ ಒಂದು ಕೊಟ್ಟು ಬರೋಣವೆಂದು ಹೋದೆವು. ಜವರಮ್ಮ ಚಿಕ್ಕತಾಯಿಯ ಓರಗೆಯವಳು. ಕಣ್ಣು ಹೋಗಿದೆ, ಕಿವಿ ಮಾತ್ರ ಚುರುಕು. ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ನಾವು ಮಾತಿಗೆ ಕೂತಿದ್ದೇವೆ, ಒಳಗೆ ಅವಳ ಮೊಮ್ಮಗನ ಫೋನು ಹೊಡೆದುಕೊಂಡಿತು. ತೂಬಿನ ಮ್ಯಾಲೆ ಕುಂತದೆ ನೋಡು ಎಂದು ಚಾಮಿಯದೇ ದನಿ.

ಜವರಮ್ಮ ಅದನ್ನು ಆರಿಸು ಎಂದು ಒಳಕ್ಕೆ ಗದರಿಸಿದಳು. ಅವನು ಆರಿಸಿದ. ಚಾಮಿ, ಅದು ನಾನೇ ಹಾಡಿದ್ದು ಜವರಕ್ಕ, ಎಂದು ಹಿಗ್ಗಿನಿಂದ ಹೇಳಿದಳು. ಮುದುಕಿ ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ನಿಮ್ಮ ಚಿಕ್ಕವ್ವನ ಪದ ಕಣೇ ಅದು. ಗೊತ್ತಿದ್ದೂ ಆಡುದ್ಯಾ, ಗೊತ್ತಿಲ್ದೆ ಆಡುದ್ಯಾ?"

ಚಾಮಿಗೆ ಅರ್ಥವಾಗಲಿಲ್ಲ. ಹೌದು, ಚಿಕ್ಕವ್ವನಿಗೆ ಅದು ಇಷ್ಟ, ಹಾಡಿದರೆ ಬೆಲ್ಲ ಕೊಡೋಳು ಎಂದಳು. ಜವರಮ್ಮ ಕೈಯಾಡಿಸಿ ಕಂಬವನ್ನು ಹಿಡಿದು ನೆಟ್ಟಗೆ ಕೂತಳು. ಆಮೇಲೆ, ಈ ವಯಸ್ಸಿನಲ್ಲಿ ಇನ್ನು ಯಾರಿಗೆ ಹೆದರಲಿ ಎನ್ನುವ ಹಾಗೆ, ನಿಧಾನವಾಗಿ ಹೇಳಿದಳು.

ಆಗ ಊರಿನ ನೀರಿನ ಸರದಿ ಒಬ್ಬ ಯಜಮಾನನ ಕೈಯಲ್ಲಿತ್ತು. ಬಿಳಿ ಪಂಚೆ, ಬಿಳಿ ಅಂಗಿ, ಹಣೆಯ ತುಂಬ ವಿಭೂತಿ. ತೂಬಿನ ಕಟ್ಟೆಯ ಮೇಲೆ ಕೂತು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಅವನೇ ಹೇಳುತ್ತಿದ್ದ. ಚಾಮಿಯ ತವರಿನ ಗದ್ದೆ ನಾಲೆಯ ಕಟ್ಟಕಡೆಯದು. ಮೇಲಿನವರು ಉಂಡು ಬಿಟ್ಟರೆ ಇವರಿಗೆ, ಇಲ್ಲದಿದ್ದರೆ ನೆಲ ಬಿರುಕು. ಒಂದು ವರ್ಷ ನಾಟಿ ಮಾಡಿದ ಪೈರು ಕೆಂಪಗಾಗುತ್ತಿದ್ದಾಗ ಯಜಮಾನ ಒಂದು ಮಾತು ಹೇಳಿ ಕಳಿಸಿದ. ಮೊಸರು ಕಳಿಸಿಕೊಡಿ, ನಿಮ್ಮ ಮನೆಗೆ ಬಂದಿದ್ದಾಳಲ್ಲ, ಅವಳ ಕೈಯಲ್ಲಿ. ಚಿಕ್ಕತಾಯಿ ಹೋದಳು. ನೀರು ಬಂತು. ಮುಂದಿನ ಸರದಿಗೂ ಹೋದಳು, ನೀರು ಬಂತು. ಅವನಿಗೆ ವಯಸ್ಸಾಗಿ ಹಾಸಿಗೆ ಹಿಡಿಯುವವರೆಗೂ ಆ ಗದ್ದೆ ಒಣಗಲಿಲ್ಲ.

"ಕಳುಸ್ದೋರು ಯಾರು ಅಂತ ನನ್ನ ಕೇಳ್ಬ್ಯಾಡ. ನಿಮ್ಮಜ್ಜಿನೇ ಗಡ್ಗೆ ತುಂಬಿ ತಲೆ ಮ್ಯಾಲೆ ಇಡೋಳು."

ಪದ ಕಟ್ಟಿದವರು ನಾಟಿ ಹಾಕುವ ಹೆಂಗಸರು. ಹಾಡಿದವರಲ್ಲಿ ತಾನೂ ಒಬ್ಬಳು ಎಂದು ಜವರಮ್ಮ ಅಂದಳು. ಬಾಯಿ ಬಿಟ್ಟು ಹೇಳಿದರೆ ನಮ್ಮ ಗದ್ದೆಗೂ ನೀರು ನಿಂತುಹೋಗುತ್ತಿತ್ತು. ಪದ ಹಾಡಿದರೆ ಯಾರು ಏನು ಮಾಡಿಯಾರು, ಕೊಕ್ಕರೆ ಮೀನು ತಾನೆ. ನಿಮ್ಮ ಮನೆಯವರ ಮುಂದೆಯೇ ಹಾಡುತ್ತಿದ್ದೆವು. ನಿಮ್ಮಜ್ಜಿ ಕೇಳಿಸದವಳ ಹಾಗೆ ಸಸಿ ಕಿತ್ತು ಕೊಡುತ್ತಿದ್ದಳು. ಆಮೇಲೆ ಮಕ್ಕಳು ಕಲಿತವು. ನೀನೂ ಕಲಿತೆ.

ಎದ್ದು ಬರುವಾಗ ಮುದುಕಿ ಇನ್ನೂ ಒಂದು ಹೇಳಿದಳು. ಆ ಪದಕ್ಕೆ ಕೊನೆಯ ಸಾಲು ಬೇರೆ ಇದೆ, ಅದನ್ನು ಚಿಕ್ಕತಾಯಿಯೇ ಕಟ್ಟಿದಳು. ಒಂದು ನಾಟಿಯಲ್ಲಿ ಎಲ್ಲರೂ ಮುಳುಮುಳು ಎಂದು ನಗುತ್ತಾ ನಿಲ್ಲಿಸಿದಾಗ ಬದುವಿನ ಮೇಲೆ ನಿಂತು ಒಬ್ಬಳೇ ಹಾಡಿ ಇಳಿಸಿದಳು. ಅದಾದ ಮೇಲೆ ಅವಳು ನಾಟಿಗೂ ಬರಲಿಲ್ಲ, ನಾವು ಆ ಸಾಲನ್ನು ಹಾಡಲೂ ಇಲ್ಲ. ಜವರಮ್ಮ ಅದನ್ನು ದನಿ ತೆಗೆಯದೆ, ಬರೀ ತುಟಿಯಲ್ಲಿ ಹೇಳಿದಳು. ನಾವಿಬ್ಬರೂ ಕಿವಿ ಹತ್ತಿರ ತಂದು ಕೇಳಿಸಿಕೊಂಡೆವು.

ವಾಪಸು ಬರುವ ಬಸ್ಸಿನಲ್ಲಿ ಡ್ರೈವರು ಅದೇ ಪದ ಹಾಕಿದ. ಹಿಂದಿನ ಸೀಟಿನ ಮಗು ತಾಯಿಯ ತೊಡೆಯ ಮೇಲೆ ನಿಂತು ಕಣ್ಣು ಉಜ್ಜಿಕೊಂಡಿತು. ಬಸ್ಸಿನಲ್ಲಿ ಎದ್ದು ಹೋಗಲು ಎಲ್ಲಿ ಜಾಗವಿರುತ್ತದೆ. ಚಾಮಿ ಕಿಟಕಿಯ ಕಂಬಿ ಹಿಡಿದು ಹುಣಸೂರು ಬರುವವರೆಗೂ ಕೂತಿದ್ದಳು. ಮೊದಲ ದಿನ ಸೊಪ್ಪು ಕಟ್ಟಿದಾಗ ಅವಳ ಮುಖ ಹೇಗಿತ್ತೋ ಹಾಗೇ ಇತ್ತು.

ಮಾರನೆಯ ಬೆಳಿಗ್ಗೆ ಹಿತ್ತಲ ಗೋಡೆಯ ಹತ್ತಿರ ಬಂದು ನಿಂತಳು. ಆ ಗದ್ದೆಯ ಅನ್ನ ತಿಂದೇ ನಾವೆಲ್ಲ ಬೆಳೆದದ್ದು ಅಕ್ಕ ಎಂದಳು. ಅವಳ ಬಾಗಿಲಿಗೇ ಹೋಗಿ ಹಾಡಿ, ಮೇಲೆ ಬೆಲ್ಲವನ್ನೂ ಈಸಿಕೊಂಡು ತಿಂದೆವಲ್ಲ ಎಂದಳು. ಬೀಗರೂಟದ ದಿನ ಅದನ್ನು ಹಾಡಬೇಡ, ಬೇರೆ ಹಾಡು ಎಂದೆ.

"ಬ್ಯಾಡ ಅಂದ್ರೆ ಯಾಕೆ ಅಂತಾರೆ. ಯಾಕೆ ಅಂದ್ರೆ ಹೇಳ್ಬೇಕಾಯ್ತದೆ. ಹೇಳುದ್ರೆ ಎಂಥ ಮನೆ ಹೆಣ್ಣ ತಂದೋ ಅಂತಾರೆ ಬೀಗ್ರು, ಸೌಂದರ್ಯ ಅಲ್ಲಿ ಬಾಳ್ಬೇಕು. ಹಾಡುದ್ರೆ, ಚಿಕ್ಕವ್ವನ ತಲೆ ಮ್ಯಾಲೆ ನಾನೇ ಗಡ್ಗೆ ಮಡಗ್ದಂಗೆ ಕಣಕ್ಕ."

ಅಲ್ಲಿಂದ ಮದುವೆಯವರೆಗೂ ಅವಳು ದಾರಿ ಹುಡುಕಿದಳು. ಮೊದಲು ಸುನೀಲ್‌ಕುಮಾರನನ್ನು ಕರೆದು ಆ ಪದವನ್ನು ಅಳಿಸಿಬಿಡು ಅಂದಳು. ಅವನು ತನ್ನ ಫೋನಿನಿಂದ ಅಳಿಸಿಯೇ ತೋರಿಸಿದ, ಆದರೆ ಊರವರ ಫೋನಿನಲ್ಲಿ ಇರುವುದನ್ನು ನಾನು ಹೇಗೆ ಅಳಿಸಲಿ ಅಜ್ಜಿ ಎಂದು ಕೇಳಿದ. ಅಳಿಸಿದ ಮೇಲೆ ಒಬ್ಬ ಸ್ನೇಹಿತನಿಂದ ಮತ್ತೆ ತರಿಸಿಕೊಂಡ, ಸೌಂಡ್ ಬಾಕ್ಸಿಗೆ ಬೇಕಲ್ಲ. ಆಮೇಲೆ ಗಂಟಲು ಕಟ್ಟಿದೆ ಎಂದು ಕೊರಳಿಗೆ ಬಟ್ಟೆ ಸುತ್ತಿಕೊಂಡಳು. ಬೃಂದಾ ಮೆಣಸಿನ ಹಾಲು ಕಾಸಿ ಕೊಟ್ಟಳು. ಶಿವಶಂಕರ ಪಿರಿಯಾಪಟ್ಟಣದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಗಂಟಲು ಚೆನ್ನಾಗಿದೆ, ನೀವೇ ಅಲ್ಲವೆ ಆ ಕೊಕ್ಕರೆ ಪದದ ಅಜ್ಜಿ ಎಂದರಂತೆ. ಕೊನೆಗೆ ಗಂಡನ ಹತ್ತಿರ, ನನಗೆ ಮನಸ್ಸಿಲ್ಲ ಎಂದಳು. ಪುಟ್ಟಸ್ವಾಮಿ ಕೆಟ್ಟವನಲ್ಲ. ಆದರೂ ಅವನಿಗೆ ತಿಳಿಯಲಿಲ್ಲ.

"ಈ ವಯಸ್ಸಲ್ಲಿ ನಿನ್ ಗಂಟ್ಲಿಗೆ ಬೆಲೆ ಬಂದದೆ, ಬಿಂಕ ಯಾಕಮ್ಮಿ," ಎಂದು ನಕ್ಕ. ಅದು ಗೋಡೆಯ ಈಚೆಗೂ ಕೇಳಿಸಿತು.

ಕಾರ್ತಿಕದಲ್ಲಿ ಮದುವೆ ಆಯಿತು. ಬೀಗರೂಟ ಇವರ ಮನೆಯ ಮುಂದೆ, ಬೀದಿ ತುಂಬ ಹಾಕಿದ ಚಪ್ಪರದಲ್ಲಿ. ಮುದ್ದೆ, ಮಾಂಸದ ಸಾರು, ಹುಣಸೂರಿನಿಂದ ಮೂರು ಬಸ್ಸು ಜನ. ಪಂಕ್ತಿ ಏಳುವ ಹೊತ್ತಿಗೆ ಹೆಂಗಸರೆಲ್ಲ ಚಾಪೆಯ ಮೇಲೆ ಸೇರಿದರು. ಚಾಮಿ ಉಪಾಯ ಮಾಡಿದಳು. ಯಾರೂ ಕೇಳುವ ಮೊದಲೇ ಹಳೆಯ ಸೋಬಾನೆ ಎತ್ತಿ, ನಿಧಾನವಾಗಿ, ಉದ್ದಕ್ಕೆ ಎಳೆದು ಹಾಡಿ ಇಳಿಸಿದಳು. ಹಿಂದೆಯೇ ಇನ್ನೊಂದು. ಅದರ ಹಿಂದೆ ಬೀಗರನ್ನು ಹಂಗಿಸುವ ಪದ. ನಿಮ್ಮ ಕಡೆಯವರ ಹೊಟ್ಟೆ ಕೆರೆಯಷ್ಟು, ನಮ್ಮ ಮುದ್ದೆ ಏರಿಯಷ್ಟು ಎಂದಾಗ ಎಲ್ಲರೂ ನಕ್ಕರು. ಹೀಗೇ ಹೊತ್ತು ಕಳೆದು, ಬಸ್ಸು ಹೊರಡುವ ಹೊತ್ತಾದರೆ ಸಾಕು ಎಂದು ಅವಳ ಎಣಿಕೆ. ಎಲೆ ಅಡಿಕೆ ತಟ್ಟೆಯನ್ನೂ ತರಿಸಿದಳು.

ಆಗ ಬೀಗಿತ್ತಿ, ನಮ್ಮ ಕೊಕ್ಕರೆ ಎಲ್ಲಮ್ಮ ಎಂದು ಕೇಳಿ, ಉತ್ತರಕ್ಕೂ ಕಾಯದೆ, ಒಡಕು ದನಿಯಲ್ಲಿ ತಾನೇ ಎತ್ತಿಬಿಟ್ಟಳು. ತೂಬಿನ ಮ್ಯಾಲೆ ಕುಂತದೆ ನೋಡು. ಒಂದೇ ಸಾಲಿಗೆ ಅವಳ ಉಸಿರು ಮುಗಿಯಿತು. ನಗುತ್ತಾ ಚಾಮಿಯ ಕಡೆ ಕೈ ತೋರಿಸಿದಳು. ಎಲ್ಲರೂ ತಿರುಗಿದರು. ಸುನೀಲ್‌ಕುಮಾರ್ ಡೋಲಿನ ಏಟು ಹಚ್ಚಿದ.

ಎತ್ತಿದ ಪದ. ಬಲ್ಲವಳು ಇಳಿಸಬೇಕು. ಮೊಮ್ಮಗಳು ಅರಿಶಿನದ ಸೀರೆಯಲ್ಲಿ ಎದುರಿಗೇ ಕೂತಿದ್ದಾಳೆ. ಅವಳ ಮದುವೆಯ ಚಪ್ಪರದಲ್ಲಿ ಒಂದು ಪದ ಅರ್ಧಕ್ಕೆ ನಿಂತರೆ ಯಾವ ಅಜ್ಜಿಯ ಜೀವ ತಡೆಯುತ್ತದೆ. ಚಾಮಿ ಒಂದು ಸಲ ನನ್ನ ಕಡೆ ನೋಡಿದಳು. ಪಕ್ಕದಲ್ಲೇ ಇದ್ದ ನನ್ನ ಕಿವಿಗೆ ಮಾತ್ರ ಬೀಳುವ ಹಾಗೆ ಹೇಳಿದಳು:

"ನಾನು ಇಷ್ಟು ವರ್ಷ ಇದ ಇಳ್ಸೇ ಇಲ್ವಲ್ಲಕ್ಕ."

ಆಮೇಲೆ ಹಾಡಿದಳು. ಹುಣಸೂರಿನವರು ಎದ್ದು ಒಂಟಿ ಕಾಲಲ್ಲಿ ನಿಂತರು. ಗಡಿಗೆ ಬಂದಾಗ ಬೀಗಿತ್ತಿ ಎಲೆ ಅಡಿಕೆಯ ತಟ್ಟೆಯನ್ನೇ ತಲೆಯ ಮೇಲೆ ಇಟ್ಟುಕೊಂಡು ಬಳುಕಿದಳು. ಮುಳುಮುಳು ಬಂದಾಗ ಚಪ್ಪರಕ್ಕೆ ಚಪ್ಪರವೇ ಕಣ್ಣು ಉಜ್ಜಿಕೊಂಡಿತು. ಪದ ಮುಗಿಯಿತೆಂದು ಚಪ್ಪಾಳೆ ಶುರುವಾಯಿತು. ಚಾಮಿ ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿಕೊಂಡು, ನಾನು ಯಾವತ್ತೂ ಕೇಳದಷ್ಟು ಎತ್ತರದ ದನಿಯಲ್ಲಿ, ಜವರಮ್ಮ ತುಟಿಯಲ್ಲಿ ಹೇಳಿದ್ದ ಸಾಲನ್ನು ಹಾಡಿದಳು.

ಉಂಡೋರೆಲ್ಲ ಕೈ ತೊಳ್ದವ್ರೆ ನಾಲೇಲಿ
ಮೀನಕ್ಕನ ಎಸ್ರು ಯಾಕೆ ನಾಲ್ಗೇಲಿ

ಈಗ ಯಾರಾದರೂ ಕೇಳುತ್ತಾರೆ, ಯಾರ ಹೆಸರು ಇದು ಎನ್ನುತ್ತಾರೆ, ಎಲ್ಲ ಹೊರಗೆ ಬೀಳುತ್ತದೆ ಎಂದು ಹೆದರಿದೆ. ಬೀಳಲಿ ಎಂದೂ ಅನ್ನಿಸಿತು. ಆದರೆ ಡೋಲು ನಿಂತಿರಲಿಲ್ಲ. ಹೊಸ ಸಾಲು ಸಿಕ್ಕಿತೆಂದು ಹುಡುಗರು ಶಿಳ್ಳೆ ಹೊಡೆದರು. ಇನ್ನೊಂದ್ಸಲ ಅಜ್ಜಿ ಎಂದರು. ಎಲ್ಲರ ಕೈಯಲ್ಲೂ ಫೋನು ಎದ್ದಿತ್ತು. ಬೀಗಿತ್ತಿ ಬಂದು ಚಾಮಿಯನ್ನು ಅಪ್ಪಿಕೊಂಡು, ನಮಗೋಸ್ಕರ ಹೊಸದಾಗಿ ಕಟ್ಟಿದ್ದೀರಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ಸೌಂದರ್ಯ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಹೊರಡುವಾಗ ಕಾರಿನ ಬಾಗಿಲು ಹಿಡಿದುಕೊಂಡು, ಅಳುತ್ತಿದ್ದವಳು ಅಳು ನಿಲ್ಲಿಸಿ, ಅಜ್ಜಿಯ ಕಿವಿಯ ಹತ್ತಿರ ಬಗ್ಗಿ ಕೇಳಿದಳು.

"ಅಜ್ಜಿ, ಮೀನಕ್ಕ ಯಾರು?"

ಬೀಗಿತ್ತಿ ಆಚೆ ಬದಿಯ ಸೀಟಿನಲ್ಲಿ ಕೂತು ಇವರ ಕಡೆಗೇ ನೋಡುತ್ತಿದ್ದಳು. ಚಾಮಿಯ ಬಾಯಿ ತೆರೆಯಿತು. ನಾನು ನೋಡಿದೆ.

"ಪದದಲ್ಲಿ ಬರೋಳು ಕಣವ್ವ. ಹುಷಾರಾಗಿ ಹೋಗು," ಎಂದಳು. ಬಾಗಿಲನ್ನು ಅವಳೇ ಹಾಕಿದಳು.

ಈಗ ಮಾರ್ಗಶಿರ. ಬೆಂದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುವ ಕೆಲಸ ನಡೆಯುತ್ತಿದೆ. ಚಾಮಿ ನನ್ನ ಪಕ್ಕ ಕೂತು ಕೆಲಸ ಮಾಡುತ್ತಾಳೆ, ಪದ ಎತ್ತುವುದಿಲ್ಲ. ಎತ್ತಬೇಕಾದ್ದೂ ಇಲ್ಲ, ಯಾರದೋ ಜೇಬಿನಲ್ಲಿ ಅವಳ ದನಿ ಹಾಡುತ್ತಲೇ ಇರುತ್ತದೆ, ಈಗ ಕೊನೆಯ ಸಾಲನ್ನೂ ಸೇರಿಸಿಕೊಂಡು. ಸಂಜೆ ಬೀದಿಯ ಮಕ್ಕಳು ಅವಳ ಬಾಗಿಲಿಗೇ ಬಂದು ಆಡುತ್ತವೆ, ಪದದ ಅಜ್ಜಿಯ ಮುಂದೆ ಆಡಿ ತೋರಿಸಲು. ಒಂಟಿ ಕಾಲು, ಗಡಿಗೆ, ಕಣ್ಣು ಉಜ್ಜುವುದು, ಎಲ್ಲ ಹಾಗೇ ಇದೆ. ಹೊಸ ಸಾಲಿಗೆ ಹೊಸ ಆಟವನ್ನೂ ಹುಡುಕಿಕೊಂಡಿವೆ. ನಾಲೇಲಿ ಎಂದಾಗ ಕೈ ತೊಳೆಯುತ್ತವೆ, ನಾಲ್ಗೇಲಿ ಎಂದಾಗ ಎಲ್ಲವೂ ಒಟ್ಟಿಗೆ ನಾಲಿಗೆ ಚಾಚುತ್ತವೆ.

ಚಾಮಿ ಅವರನ್ನು ಗದರಿಸುವುದಿಲ್ಲ. ಮುಗಿಯುವವರೆಗೂ ಹೊಸ್ತಿಲ ಮೇಲೆ ಕೂತಿರುತ್ತಾಳೆ. ಆಮೇಲೆ ಎದ್ದು ಒಳಗೆ ಹೋಗಿ ಡಬ್ಬದ ಮುಚ್ಚಳ ತೆಗೆಯುವ ಸದ್ದು ನನಗೆ ಗೋಡೆಯ ಈಚೆಗೆ ಕೇಳಿಸುತ್ತದೆ. ಒಬ್ಬೊಬ್ಬರ ಕೈಗೂ ಒಂದೊಂದು ಚೂರು ಬೆಲ್ಲ ಕೊಟ್ಟು ಕಳಿಸುತ್ತಾಳೆ.